ಎಪ್ಪತ್ತು ಕಳೆದು ಬರೆದ ಅಂಕಿಗಳು

ಭಾನುವಾರ ಬೆಳಿಗ್ಗೆ, ಒಂಬತ್ತೂಕಾಲು
(ನಮ್ಮ ಗೋಡೆ ಗಡಿಯಾರದಲ್ಲಿ ಒಂಬತ್ತೂ ಇಪ್ಪತ್ತೈದು)

ನನ್ನ ಕಡ್ಡಿಗೆ ಅಮ್ಮನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಲು ಹೋದೆ, ಕೈ ಏಳಲಿಲ್ಲ. ಗಾಬರಿಯಾಗಬೇಡ, ಮೈಗೆ ಏನೂ ಆಗಿಲ್ಲ. ನಿಮ್ಮಪ್ಪನೂ ಚೆನ್ನಾಗಿದ್ದಾರೆ. ಭಾನುವಾರವಾದರೂ ಅಂಗಡಿ ಬಾಗಿಲು ತೆಗೆದು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಯಾರದೋ ಕೈಗಡಿಯಾರದ ಹೊಟ್ಟೆ ಬಿಚ್ಚಿ ಕೂತಿದ್ದಾರೆ. ನಾನು ಅಡುಗೆಮನೆಯ ಮೇಜಿನ ಮೇಲೆ ಬರೆಯುತ್ತಿದ್ದೇನೆ. ಒಲೆ ಆರಿಸಿದ್ದೇನೋ ಇಲ್ಲವೋ ಎಂದು ಈಗಾಗಲೇ ಎರಡು ಸಲ ಎದ್ದು ನೋಡಿದೆ. ಆರಿಸಿದೆ.

ಈ ಪತ್ರವನ್ನು ಪೂರ್ತಿ ಓದು. ನಡುವೆ ಹರಿದು ಬಿಸಾಡೋಣ ಅನ್ನಿಸುತ್ತದೆ, ಆಗಲೂ ಓದು. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಅತ್ತುಬಿಡುತ್ತೇನೆ, ನಾನು ಅಳಲು ಶುರು ಮಾಡಿದರೆ ನೀನು "ಸೈರನ್ ಶುರುವಾಯ್ತು" ಎಂದು ಫೋನ್ ಇಟ್ಟುಬಿಡುತ್ತೀಯ. ಆ ಹೆಸರು ಇಟ್ಟವರು ನಿಮ್ಮಪ್ಪ, ಲಾಂಡ್ರಿಯವರೆಗೂ ಹಬ್ಬಿಸಿದವಳು ನೀನು. ಇರಲಿ. ಕಾಗದ ಅಳುವುದಿಲ್ಲ. ಐದನೇ ಕ್ಲಾಸಿನ ನಡುವೆ ಶಾಲೆ ಬಿಟ್ಟವಳ ಕೈ ಇದು, ಒತ್ತಕ್ಷರ ಎಲ್ಲಾದರೂ ಜಾರಿದ್ದರೆ ಎತ್ತಿಕೊಂಡು ಓದು.

ನಿನ್ನ ಜೊತೆ ರೂಮಿನಲ್ಲಿರುವ ಕಂಡಕ್ಟರ್ ಹುಡುಗಿ ನನಗೆ ಫೋನ್ ಮಾಡಿದ್ದಳು. ಅವಳ ಮೇಲೆ ಕೋಪ ಮಾಡಿಕೊಳ್ಳಬೇಡ, ಮಾಡಿಕೊಂಡರೆ ನನ್ನ ಆಣೆ. "ಆಂಟಿ, ಅವಳು ಶುಗರ್ ನೋಡೋ ಮೆಷಿನ್ನ ಕಸದ ಬುಟ್ಟಿಗೆ ಹಾಕಿದಾಳೆ. ಇಂಜೆಕ್ಷನ್ ಮನಸ್ಸು ಬಂದ್ರೆ ಒಂದು ಹೊತ್ತು ತಗೋತಾಳೆ, ಇಲ್ಲಾಂದ್ರೆ ಇಲ್ಲ. ಹೋದ ವಾರ ಎರಡು ದಿನ ವಾಂತಿ. ಕೇಳಿದ್ರೆ ನನ್ನ ಮೇಲೇ ಎಗರಾಡ್ತಾಳೆ" ಅಂದಳು. ಅವಳು ಪಿಸುಮಾತಿನಲ್ಲಿ ಹೇಳುತ್ತಿದ್ದಳು, ನೀನು ಸ್ನಾನಕ್ಕೆ ಹೋಗಿದ್ದೆಯಂತೆ. ನಾನು ಕೈಯಲ್ಲಿದ್ದ ಇಸ್ತ್ರಿ ಪೆಟ್ಟಿಗೆಯನ್ನು ಯಾರದೋ ಬಿಳಿ ಅಂಗಿಯ ಬೆನ್ನಿನ ಮೇಲೆ ಹಾಗೇ ಬಿಟ್ಟು ನಿಂತಿದ್ದೆ. ಇಪ್ಪತ್ತಾರು ವರ್ಷದ ಕೆಲಸದಲ್ಲಿ ನಾನು ಸುಟ್ಟ ಮೊದಲನೇ ಬಟ್ಟೆ ಅದು.

ಅದಕ್ಕೂ ಎರಡು ವಾರ ಮೊದಲು, ಒಂದು ಬುಧವಾರ, ಫೋನಿನಲ್ಲಿ ನೀನು ಆಡಿದ ಮಾತು ನನ್ನ ಕಿವಿಯಲ್ಲೇ ಕೂತಿದೆ. ಡಿಪೋ ಮೆಟ್ಟಿಲು ಹತ್ತುವಾಗ ನಿನ್ನ ಎಡಗಾಲಿನ ಚಪ್ಪಲಿ ಕಳಚಿ ಬಿದ್ದಿದ್ದು, ನಿನಗೆ ಗೊತ್ತೇ ಆಗದೆ ಒಂದೇ ಚಪ್ಪಲಿಯಲ್ಲಿ ಕೌಂಟರಿನವರೆಗೆ ನಡೆದದ್ದು, ಅಲ್ಲಿದ್ದವರು "ಡ್ರೈವರಮ್ಮ, ನಿಮ್ಮ ಒಂದು ಚಪ್ಪಲಿ ಇವತ್ತು ರಜಾನಾ?" ಎಂದು ನಕ್ಕದ್ದು. ನೀನೂ ನಕ್ಕೆಯಂತೆ. ಆಮೇಲೆ ಅಲ್ಲಿನ ಡಾಕ್ಟರು ಕವಲೊಡೆದ ಉಕ್ಕಿನ ಸಲಾಕೆಯನ್ನು ತಟ್ಟಿ ನಿನ್ನ ಹೆಬ್ಬೆರಳಿಗೆ ಹಿಡಿದು "ನಡುಕ ಗೊತ್ತಾಗ್ತಿದೆಯಾ?" ಎಂದು ಕೇಳಿದರು. ನೀನು "ಹಿಡಿದಾಗ ಹೇಳಿ" ಅಂದೆಯಂತೆ. ಅವರು ಆಗಲೇ ಹಿಡಿದಿದ್ದರು. ನಿನ್ನ ಬಸ್ಸನ್ನು ಬೇರೆಯವರ ಕೈಗೆ ಕೊಟ್ಟು, ನಿನ್ನನ್ನು ಟ್ರಿಪ್ ಶೀಟು ಬರೆಯುವ ಮೇಜಿಗೆ ಕೂರಿಸಿದರು. ಬ್ರೇಕು ಎಷ್ಟು ಒತ್ತಿದ್ದೇನೆ ಎಂದು ಕಾಲಿಗೇ ತಿಳಿಯದಿದ್ದರೆ ಐವತ್ತು ಜನರನ್ನು ಹೊತ್ತುಕೊಂಡು ಹೋಗುವುದು ಹೇಗೆ, ಅದು ನನಗೂ ಅರ್ಥವಾಗುತ್ತದೆ. ಆದರೆ ಮುಂದೆ ನೀನು ಹೇಳಿದೆಯಲ್ಲ, "ಇಪ್ಪತ್ತೆರಡು ವರ್ಷ ಅಮ್ಮ. ಒಂದು ದಿನ ಕದ್ದು ಒಂದು ಚಾಕಲೇಟ್ ತಿನ್ನಲಿಲ್ಲ. ಒಂದು ಸೂಜಿ ತಪ್ಪಿಸಲಿಲ್ಲ. ಡಾಕ್ಟರು ನನ್ನ ಶುಗರ್ ಲೆಕ್ಕದ ಪುಸ್ತಕ ಎಲ್ಲರಿಗೂ ತೋರಿಸ್ತಿದ್ರು. ಆದ್ರೂ ಕಾಲು ಹೋಯ್ತು. ಕಂಟ್ರೋಲ್ ಅನ್ನೋದೆಲ್ಲ ಸುಳ್ಳು, ಬರೋದು ಹೇಗಿದ್ರೂ ಬರತ್ತೆ. ಇನ್ಮೇಲೆ ನನಗೆ ಇಷ್ಟ ಬಂದ ಹಾಗೆ ಇರ್ತೀನಿ."

ಕಡ್ಡಿ, ಸುಳ್ಳು ಕಂಟ್ರೋಲ್ ಅಲ್ಲ. ಸುಳ್ಳು ಆ ಪುಸ್ತಕ.

ಬರೆದುಬಿಟ್ಟೆ. ಆ ಬುಧವಾರದಿಂದ ಇಷ್ಟು ಬರೆಯಲು ಹದಿನೆಂಟು ದಿನ ಬೇಕಾಯಿತು. ಈಗ ಉಳಿದದ್ದನ್ನೂ ಹೇಳುತ್ತೇನೆ, ಕೂತುಕೊಂಡು ಓದು.

ನಿನಗೆ ಆರು ವರ್ಷವಾಗಿದ್ದಾಗ ಈ ಕಾಯಿಲೆ ಬಂತು. ಬಕೆಟ್ಟುಗಟ್ಟಲೆ ನೀರು ಕುಡಿದು, ತಿಂಗಳಲ್ಲಿ ಕಡ್ಡಿಯಾಗಿಹೋದೆ, ಆ ಹೆಸರೇ ಉಳಿಯಿತು. ಮೊದಲ ಎರಡು ವರ್ಷ ನಾನು ಡಾಕ್ಟರು ಹೇಳಿದಂತೆಯೇ ನಡೆದೆ. ಬೆಳಿಗ್ಗೆ ಹದಿನಾರು ಗೆರೆ, ಸಂಜೆ ಹದಿನಾಲ್ಕು ಗೆರೆ. ಸಿರಿಂಜನ್ನು ಬೆಳಕಿಗೆ ಹಿಡಿದು ಒಂದೊಂದೇ ಗೆರೆ ಎಣಿಸುತ್ತಿದ್ದೆ.

ನಿನಗೆ ಎಂಟಾಗಿದ್ದಾಗ ಒಂದು ಮಧ್ಯಾಹ್ನ ಶಾಲೆಯ ಓಟದ ಪಂದ್ಯ ಮುಗಿಸಿ ನೇರ ಲಾಂಡ್ರಿಗೆ ಓಡಿ ಬಂದೆ. ಮೊದಲನೇ ಬಹುಮಾನ ಬಂದಿತ್ತು, ಅದನ್ನು ಹೇಳುವ ಆತುರದಲ್ಲಿ ಊಟದ ಡಬ್ಬಿ ತೆರೆದೇ ಇರಲಿಲ್ಲ. "ಅಮ್ಮಾ" ಎಂದವಳು ಬಟ್ಟೆ ಮಡಿಸುವ ಮೇಜಿನ ಕೆಳಗೆ ಬಿದ್ದೆ. ಹಲ್ಲು ಕಚ್ಚಿಕೊಂಡಿತು, ಕಣ್ಣು ಮೇಲಕ್ಕೆ ಹೋಯಿತು, ಕೈಕಾಲು ಅದುರತೊಡಗಿದವು. ನಾನು ಚಹಾದ ಡಬ್ಬಿಯ ಪಕ್ಕದ ಸಕ್ಕರೆಯನ್ನು ಬೆರಳಿಗೆ ಹಚ್ಚಿ ನಿನ್ನ ಕೆನ್ನೆಯ ಒಳಗೆ ಉಜ್ಜಿದೆ. ನೀನು ಬೆರಳು ಕಚ್ಚಿದೆ. ಆ ಗುರುತು ಇನ್ನೂ ಇದೆ. ನೀನು ಕಣ್ಣು ಬಿಡುವವರೆಗೆ ಎಷ್ಟು ಹೊತ್ತಾಯಿತೋ ಗೊತ್ತಿಲ್ಲ, ಯಂತ್ರದಲ್ಲಿ ಹಾಕಿದ್ದ ಬೆಡ್‌ಶೀಟುಗಳು ತಿರುಗಿ ನಿಂತಿದ್ದವು.

"ಸಕ್ಕರೆ ತುಂಬಾ ಇಳಿದುಹೋಗಿತ್ತು. ಇನ್ನು ಸ್ವಲ್ಪ ತಡ ಆಗಿದ್ರೆ ಕಷ್ಟ ಇತ್ತು" ಎಂದರು ಕ್ಲಿನಿಕ್ಕಿನ ನರ್ಸಮ್ಮ. ಓಡಿದ ದಿನ ಏನು ತಿನ್ನಿಸಬೇಕು, ಗೆರೆ ಹೇಗೆ ಹೊಂದಿಸಬೇಕು ಎಂದು ಅವರು ಹೇಳಿಕೊಡುತ್ತಲೇ ಇದ್ದರು. ನನ್ನ ಕಿವಿಗೆ ಬಿದ್ದದ್ದು "ಇಳಿದುಹೋಗಿತ್ತು" ಎಂಬ ಒಂದೇ ಮಾತು. ಅವತ್ತಿನ ಸಂಜೆ ಹದಿನಾಲ್ಕು ಗೆರೆ ಎಳೆಯಲು ಹೋದೆ, ಕೈ ಹತ್ತಕ್ಕೇ ನಿಂತಿತು. ಆಮೇಲೆ ಹತ್ತೇ ಆಯಿತು. ಬೆಳಿಗ್ಗೆಯದು ಹನ್ನೆರಡು. ಪುಸ್ತಕ ಹಿಡಿದು ಡಾಕ್ಟರ ಹತ್ತಿರ ನಾನೊಬ್ಬಳೇ ಹೋಗುತ್ತಿದ್ದೆ, ನೀನು ದೊಡ್ಡವಳಾದಂತೆ ಅವರು ಇಪ್ಪತ್ತು ಎಂದರೆ ನಿನಗೆ ಹದಿನೈದು ಎಂದೆ, ಇಪ್ಪತ್ತೆಂಟು ಎಂದರೆ ಇಪ್ಪತ್ತು ಎಂದೆ. ಹನ್ನೆರಡನೇ ವಯಸ್ಸಿಗೆ ನೀನೇ ಚುಚ್ಚಿಕೊಳ್ಳಲು ಕಲಿತೆ, ನಾಲಗೆ ಹಲ್ಲಿನ ನಡುವೆ ಇಟ್ಟುಕೊಂಡು, ನಾನು ಹೇಳಿದ ಗೆರೆಗೆ ಒಂದು ಕೂದಲೆಳೆ ಹೆಚ್ಚಿಲ್ಲ ಕಡಿಮೆಯಿಲ್ಲ. ನೀನು ನನ್ನನ್ನು ಅಷ್ಟು ನಂಬಿದ್ದೆ.

ಮೆಷಿನ್ನಿನ ವಿಷಯ. ನಮ್ಮ ಮೆಷಿನ್ನು ಎಪ್ಪತ್ತು ಜಾಸ್ತಿ ತೋರಿಸುತ್ತದೆ ಎಂದು ನಿನಗೆ ಹೇಳಿದವಳು ನಾನು. ನಿನಗೆ ಅನುಮಾನ ಬರಲಿಲ್ಲ, ಹೇಗೆ ಬರುತ್ತದೆ? ಗಡಿಯಾರ ರಿಪೇರಿಯವರ ಮನೆಯಲ್ಲೇ ಗೋಡೆ ಗಡಿಯಾರ ಹತ್ತು ನಿಮಿಷ ಮುಂದೆ ಓಡುತ್ತದೆ, ನಾವೆಲ್ಲ ಹತ್ತು ಕಳೆದುಕೊಂಡೇ ಬದುಕಿದವರು. ಹಾಗೇ ನೀನು ಇನ್ನೂರು ನೋಡಿ "ನೂರಾಮೂವತ್ತು" ಎಂದು ಹಾಡಿನಂತೆ ಹೇಳುತ್ತಿದ್ದೆ. "ಹಾಗಾದ್ರೆ ತೊಂಬತ್ತು ತೋರ್ಸಿದ್ರೆ ಇಪ್ಪತ್ತಾ?" ಎಂದು ಒಂದು ಸಲ ಕೇಳಿದೆ. "ನೂರರ ಕೆಳಗೆ ಬಂದ್ರೆ ಅದು ಸರಿಯಾಗೇ ಹೇಳತ್ತೆ" ಅಂದೆ. ಅಂಥ ಮೆಷಿನ್ನು ಭೂಮಿಯ ಮೇಲೆ ಎಲ್ಲಾದರೂ ಇದೆಯಾ? ನೀನು ತಲೆ ಆಡಿಸಿದೆ. ನಿಮ್ಮಪ್ಪನೂ ತಲೆ ಆಡಿಸಿದರು.

ಮೆಷಿನ್ನು ಮುನ್ನೂರು ಎಂದ ದಿನ ಎಪ್ಪತ್ತು ಸಾಲುತ್ತಿರಲಿಲ್ಲ. "ಇನ್ನೂರ ಮೂವತ್ತು, ನಾನೇನು ತಪ್ಪು ತಿಂದೆ ಅಮ್ಮ?" ಎಂದು ನನ್ನ ಮುಖ ನೋಡಿ, ಹಿತ್ತಲಲ್ಲಿ ಬಟ್ಟೆ ಹಗ್ಗದ ಸುತ್ತ ಇಪ್ಪತ್ತು ಸುತ್ತು ಓಡುತ್ತಿದ್ದೆ. ನಾನು ಕಿಟಕಿಯಿಂದ ನೋಡುತ್ತಿದ್ದೆ. ಈ ಪತ್ರದಲ್ಲಿ ಬರೆಯಲು ಎಲ್ಲಕ್ಕಿಂತ ಕಷ್ಟವಾದ ಸಾಲು ಇದು. ಅಂಥ ದಿನಗಳಲ್ಲಿ ಡಾಕ್ಟರ ಪುಸ್ತಕದಲ್ಲಿ ಎಷ್ಟು ಬೇಕೋ ಅಷ್ಟು ಕಳೆದು ನೂರಾಹದಿನೈದು, ನೂರಾಇಪ್ಪತ್ತು ಎಂದು ದುಂಡಗೆ ಬರೆಯುತ್ತಿದ್ದೆ. ಮೂರು ತಿಂಗಳ ಸಕ್ಕರೆಯನ್ನು ಒಂದೇ ಸಲಕ್ಕೆ ಹೇಳುವ ರಕ್ತಪರೀಕ್ಷೆಗೆ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರೆ ಹೋಗುತ್ತಿರಲಿಲ್ಲ. ಒಂದು ಸಲ ತಪ್ಪಿಸಿಕೊಳ್ಳಲಾಗದೆ ಮಾಡಿಸಿದೆ. ಏಳರ ಆಸುಪಾಸಿನಲ್ಲಿ ಇರಬೇಕಾದದ್ದು ಹತ್ತೂವರೆ ಬಂದಿತ್ತು. ಆ ಚೀಟಿಯನ್ನು ಮಡಿಸಿ ಇಸ್ತ್ರಿ ಮೇಜಿನ ಕಂಬಳಿಯ ಕೆಳಗೆ ತಳ್ಳಿದೆ. ಕಳೆದುಹೋಯಿತು ಎಂದೆ.

ಹನ್ನೊಂದು ವರ್ಷ ಹೀಗೆ. ಹತ್ತೊಂಬತ್ತಕ್ಕೆ ನೀನು ಮನೆ ಬಿಟ್ಟು ಆ ಊರಿಗೆ ಹೋದೆ. ಹೊಸ ಮೆಷಿನ್ನೂ ಹೆಚ್ಚು ತೋರಿಸುತ್ತಿದೆ ಎಂದು ಫೋನ್ ಮಾಡಿದೆ. "ನೀರು ಬದಲಾಯ್ತಲ್ಲ, ಸಕ್ಕರೆ ಏರಿದೆ. ಅಲ್ಲಿನ ಡಾಕ್ಟರು ಹೇಳಿದಷ್ಟು ಹಾಕ್ಕೋ" ಎಂದೆ. ಅಷ್ಟು ದೂರಕ್ಕೆ ನನ್ನ ಕೈ ಚಾಚಲಿಲ್ಲ. ಅದು ನಿನ್ನ ಪುಣ್ಯ.

ಈಗ ಮೊನ್ನೆಯ ವಿಷಯ. ಅಂಗಿ ಸುಟ್ಟ ಮಾರನೇ ದಿನ ಆ ಹಳೇ ಪುಸ್ತಕಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ನಮ್ಮ ಹಳೇ ಡಾಕ್ಟರ ಹತ್ತಿರ ಹೋದೆ. ಬಾಗಿಲಲ್ಲಿದ್ದ ನರ್ಸು "ಟೋಕನ್ ತಗೊಳ್ಳಿ" ಅಂದಳು. "ಇಪ್ಪತ್ತು ವರ್ಷದಿಂದ ಸರದಿಯಲ್ಲೇ ಇದೀನಿ" ಎಂದು ಒಳಗೆ ನುಗ್ಗಿದೆ. ಬಾಗಿಲು ಹಾಕಿಕೊಳ್ಳಲೂ ಇಲ್ಲ. ನಿನ್ನ ಕಾಲಿನ ವಿಷಯ ಹೇಳಿದೆ. ಅವರು ಕನ್ನಡಕ ತೆಗೆದು ಮರುಗಿದರು.

"ಅಷ್ಟು ಒಳ್ಳೆ ಕಂಟ್ರೋಲ್ ಇದ್ದ ಹುಡುಗಿ! ಏನ್ ಮಾಡೋದಮ್ಮ, ಕೆಲವರಿಗೆ ಹಾಗೇ. ಹಣೆಬರಹ."

"ಹಣೆಬರಹ ಅಲ್ಲ ಸಾರ್. ಇದು ನನ್ನ ಕೈಬರಹ" ಎಂದು ಪುಸ್ತಕಗಳನ್ನು ಮೇಜಿನ ಮೇಲೆ ಸುರಿದೆ. ಎಲ್ಲ ಹೇಳಿದೆ. ಗೆರೆ, ಎಪ್ಪತ್ತು, ಚೀಟಿ, ಎಲ್ಲ.

ಅವರ ಮುಖ ಕೆಂಪಾಯಿತು. "ಎಂಥ ತಾಯಿ ರೀ ನೀವು? ಏನ್ ಮಾಡಿದೀರಿ ಅಂತ ಗೊತ್ತಾ ನಿಮಗೆ?"

"ಗೊತ್ತು ಸಾರ್. ಗೊತ್ತಾಗಿದ್ದಕ್ಕೇ ಬಂದಿದೀನಿ. ಈಗ ನೀವು ಹೇಳಿ. ಹನ್ನೊಂದು ವರ್ಷ ಇದರಲ್ಲಿ ನೂರಾಹತ್ತು, ನೂರಾಇಪ್ಪತ್ತು ಬಿಟ್ಟು ಬೇರೆ ಅಂಕಿ ಇಲ್ಲ. ಮಗು ಜ್ವರದಲ್ಲಿ ಬಿದ್ದಿದ್ದ ವಾರಾನೂ ನೂರಾಹದಿನೈದು. ಯಾವ ಮನುಷ್ಯರ ರಕ್ತ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ಇರತ್ತೆ? ಶಾಲೆ ಬಿಟ್ಟ ಹೆಂಗಸು ಬರೆದ ಸುಳ್ಳನ್ನ ಅಷ್ಟೊಂದು ಓದಿದ ನೀವು ಎಲ್ಲರಿಗೂ ತೋರಿಸಿ ಹೊಗಳಿದ್ರಿ. ಒಂದು ಸಲ 'ಇದೇನಮ್ಮ' ಅಂತ ಕೇಳಿದ್ರಾ? ಹೆದರಿದೀಯಾ ಅಂತ ಕೇಳಿದ್ರಾ? ಕೇಳಿದ್ರೆ ಅವತ್ತೇ ಬಾಯಿ ಬಿಡ್ತಿದ್ದೆ."

ಹೊರಗಿನ ಬೆಂಚಿನಿಂದ ಯಾರೋ ಅಜ್ಜಿ "ಕೇಳಮ್ಮ, ಇನ್ನೂ ನಾಲ್ಕು ಕೇಳು, ನಮಗೇನು ಅರ್ಜೆಂಟಿಲ್ಲ" ಎಂದಳು. ನರ್ಸು ಬಾಗಿಲು ಹಾಕಿದಳು.

ಡಾಕ್ಟರು ಪುಟ ತಿರುಗಿಸಿದರು. "ಕೇಳಬೇಕಿತ್ತು" ಎಂದರು, ಅಷ್ಟೇ. ಆಮೇಲೆ ನನ್ನನ್ನು ಕೂರಿಸಿ ಹೇಳಿದರು. ಅದನ್ನು ಅವರಂತೆಯೇ ಬರೆಯುತ್ತೇನೆ, ನನ್ನದೇನೂ ಸೇರಿಸಿಲ್ಲ. ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದರೆ ನರಗಳು ಒಳಗೊಳಗೇ ಸವೆಯುತ್ತವಂತೆ, ಉದ್ದದ ನರ ಮೊದಲು, ಅದಕ್ಕೇ ಕಾಲಿನ ಬೆರಳಿಂದ ಶುರು. ಮೊದಲ ವರ್ಷಗಳದ್ದನ್ನು ಮೈ ಮರೆಯುವುದಿಲ್ಲವಂತೆ, ಆಮೇಲೆ ಸರಿಮಾಡಿಕೊಂಡರೂ ಹಳೆಯದರ ಪೆಟ್ಟು ತಡವಾಗಿ ಕಾಣಿಸಿಕೊಳ್ಳಬಹುದು. ಸತ್ತ ನರವನ್ನು ಎಬ್ಬಿಸುವ ಔಷಧಿ ಅವರ ಹತ್ತಿರ ಇಲ್ಲ. "ಮತ್ತೆ ಅವಳು ಸರಿಯಾಗಿದ್ದ ಒಂಬತ್ತು ವರ್ಷ ನೀರುಪಾಲಾ ಸಾರ್?" ಎಂದು ಕೇಳಿದೆ. "ಯಾರಮ್ಮ ಹೇಳಿದ್ದು? ಆ ಒಂಬತ್ತು ವರ್ಷ ಇಲ್ಲದಿದ್ರೆ ಇಷ್ಟು ಹೊತ್ತಿಗೆ ಕಣ್ಣೋ ಕಿಡ್ನಿನೋ ಹಿಡಿದಿರೋದು. ಅವಳೇ ಅವಳನ್ನ ಕಾಪಾಡಿಕೊಂಡಿದಾಳೆ. ಈಗ ಬಿಟ್ರೆ ಉಳಿದದ್ದೂ ಹೋಗತ್ತೆ. ಇಂಜೆಕ್ಷನ್ ಪೂರ್ತಿ ಬಿಟ್ರೆ ದಿನಗಳ ಮಾತು" ಎಂದರು.

ಓದಿದೆಯಾ? ಮತ್ತೊಂದು ಸಲ ಓದು. ನೀನು ಎಲ್ಲ ಸರಿಯಾಗಿ ಮಾಡಿಯೂ ಕಾಲು ಹೋಯಿತು ಎಂದುಕೊಂಡಿದ್ದೀಯ. ಇಲ್ಲ. ಹನ್ನೊಂದು ವರ್ಷ ನಿನ್ನ ಸೂಜಿಯಲ್ಲಿ ಇರಬೇಕಾದಷ್ಟು ಔಷಧಿ ಇರಲೇ ಇಲ್ಲ. ಕಾಲು ತೆಗೆದುಕೊಂಡದ್ದು ನನ್ನ ಹೆದರಿಕೆ. ಕಣ್ಣು, ಕಿಡ್ನಿ ಉಳಿಸಿಕೊಂಡದ್ದು ನಿನ್ನ ಕೈ.

ಈಗ ನಾನು ಕ್ಷಮೆ ಕೇಳುತ್ತೇನೆ ಎಂದುಕೊಂಡಿದ್ದರೆ, ಇಲ್ಲ, ಕೇಳುವುದಿಲ್ಲ. ಕೇಳಿದರೆ ನೀನು ಮೆದು ಮನಸ್ಸಿನಿಂದ "ಹೋಗ್ಲಿ ಬಿಡಮ್ಮ" ಅಂದುಬಿಡುತ್ತೀಯ, ನಿನ್ನ ಸ್ವಭಾವ ನನಗೆ ಗೊತ್ತಿಲ್ಲವಾ? ಹೋಗಲಿ ಬಿಡುವಂಥದ್ದಲ್ಲ ಇದು. ಕೋಪ ಮಾಡಿಕೋ. ನನ್ನ ಮುಖ ನೋಡಬೇಡ, ವರ್ಷ ಬೇಕಾದರೆ ಮಾತು ಬಿಡು. ಲಾಂಡ್ರಿಯ ಮುಂದೆ ನಿಂತು ಬೀದಿಗೆಲ್ಲ ಕೇಳುವಂತೆ ಬೈಯಬೇಕೆನಿಸಿದರೆ ಬಾ, ನಾನೇ ಕುರ್ಚಿ ಹಾಕುತ್ತೇನೆ. ಆದರೆ ಬೈಯಲು ನೀನು ಇರಬೇಕು. ಚೆನ್ನಾಗಿ ಗಂಟಲಿರಬೇಕು. ನನ್ನ ಮೇಲಿನ ಕೋಪವನ್ನು ನಿನ್ನ ಮೈಮೇಲೆ ತೀರಿಸಿಕೊಳ್ಳಲು ನಾನು ಬಿಡುವುದಿಲ್ಲ.

ಇನ್ನೊಂದು ಮಾತನ್ನೂ ಬಚ್ಚಿಡುವುದಿಲ್ಲ, ಇಷ್ಟು ವರ್ಷ ಬಚ್ಚಿಟ್ಟದ್ದು ಸಾಕು. ಆ ಮಧ್ಯಾಹ್ನ ಮೇಜಿನ ಕೆಳಗೆ ನಿನ್ನ ಕಣ್ಣು ಮೇಲಕ್ಕೆ ಹೋದದ್ದನ್ನು ನೀನು ನೋಡಿಲ್ಲ, ನಾನು ನೋಡಿದ್ದೇನೆ. ನಾನು ಹೆದರಿದ್ದು ತಪ್ಪಲ್ಲ. ಹೆದರಿಕೆಯ ಕೈಗೆ ಸಿರಿಂಜು ಕೊಟ್ಟದ್ದು ತಪ್ಪು. ಮೊದಲನೆಯದಕ್ಕೆ ಯಾರ ಮುಂದೆಯೂ ತಲೆ ತಗ್ಗಿಸುವುದಿಲ್ಲ, ನಿನ್ನ ಮುಂದೆಯೂ.

ನಿಮ್ಮಪ್ಪನಿಗೆ ಮೊನ್ನೆ ಸಂಜೆ ಹೇಳಿದೆ. ಭೂತಗನ್ನಡಿ ತೆಗೆಯದೆಯೇ ನನ್ನ ಕಡೆ ನೋಡಿದರು, ಒಂದು ಕಣ್ಣು ಇಷ್ಟು ದೊಡ್ಡದಾಗಿ ಕಾಣುತ್ತಿತ್ತು. "ನೀನು ಬರೀತೀಯೋ, ನಾನು ಬರೀಲೋ?" ಅಂದರು. ಅಷ್ಟೇ. ಆಮೇಲಿಂದ ಊಟಕ್ಕೆ ಕರೆದರೆ ಬರುತ್ತಾರೆ, ಉಪ್ಪು ಬೇಕಾದರೆ ತಾವೇ ಎದ್ದು ತೆಗೆದುಕೊಳ್ಳುತ್ತಾರೆ.

ಬೇರೆ ಮೆಷಿನ್ನು ಪಾರ್ಸಲ್ಲಿನಲ್ಲಿ ಬರುತ್ತದೆ. ಡಾಕ್ಟರೇ ಕೊಟ್ಟರು, ತಮ್ಮ ಮೇಜಿನದ್ದನ್ನು. ಅವರ ಕಣ್ಣೆದುರೇ ನನ್ನ ಬೆರಳು ಚುಚ್ಚಿ ನೋಡಿದೆ, ದೊಡ್ಡ ಆಸ್ಪತ್ರೆಯ ಚೀಟಿಯ ಜೊತೆ ತಾಳೆ ನೋಡಿಸಿದೆ, ಸರಿಯಾಗಿದೆ. ಅದು ಏನು ಹೇಳುತ್ತದೋ ಅದೇ ನಿಜ. ಮುನ್ನೂರ ಎಂಬತ್ತು ಎಂದರೆ ಮುನ್ನೂರ ಎಂಬತ್ತೇ. ಅದನ್ನು ಹಿಡಿದುಕೊಂಡು ಅಲ್ಲಿನ ಡಾಕ್ಟರ ಹತ್ತಿರ ಸಿಕ್ಕ ದಿನವೇ ಹೋಗು, ಈ ಪತ್ರವನ್ನೂ ತೋರಿಸು. ನನ್ನ ಮಾನ ಹೋಗುತ್ತದೆ ಎಂದು ಯೋಚಿಸಬೇಡ, ಅದನ್ನು ಇಲ್ಲಿ ಬೆಂಚಿನ ಮೇಲಿದ್ದವರೆಲ್ಲ ಆಗಲೇ ಹಂಚಿಕೊಂಡಿದ್ದಾರೆ. ಬರಿಗಾಲಲ್ಲಿ ಓಡಾಡಬೇಡ. ದಿನಾ ಅಂಗಾಲು ನೋಡಿಕೋ, ಬಗ್ಗಲಾಗದಿದ್ದರೆ ಕಂಡಕ್ಟರ್ ಹುಡುಗಿಗೆ ತೋರಿಸು. ಸ್ನಾನದ ನೀರಿಗೆ ಮೊದಲು ಮೊಣಕೈ ಅದ್ದು, ಕಾಲಿಡಬೇಡ. ಟ್ರಿಪ್ ಶೀಟಿನ ಮೇಜಿನವರು ನಕ್ಕರೆ ನೀನೂ ನಗಬೇಡ, ತಿರುಗಿ ಹೇಳು. ಮಾತು ಎಲ್ಲಿಂದ ತರಲಿ ಎಂದು ಕೇಳಬೇಡ, ನೀನು ಯಾರ ಮಗಳು?

ಈಗ ಎದ್ದು ಅಂಚೆಪೆಟ್ಟಿಗೆಗೆ ಹೋಗುತ್ತೇನೆ. ಪತ್ರ ಒಳಗೆ ಬಿದ್ದ ಸದ್ದು ಕೇಳುವವರೆಗೆ ನಿಂತಿರುತ್ತೇನೆ.

ಇಷ್ಟಾದ ಮೇಲೂ ನಿನ್ನದೇ ಆದ,
ಅಮ್ಮ

ವಿ.ಸೂ.: ಮೂರನೇ ಹಾಳೆಯ ಕೆಳಗಿನ ಎರಡು ಬೆರಳು ಅಗಲ ಕತ್ತರಿಸಿದೆ, ನೋಡಿರುತ್ತೀಯ. ಅಂಚೆಯಲ್ಲಿ ಹರಿದದ್ದಲ್ಲ, ನಾನೇ ಕತ್ತರಿಸಿದ್ದು. ನೀನು ಮತ್ತೆ ಪೂರ್ತಿ ಔಷಧಿ ಶುರು ಮಾಡುತ್ತೀಯ, ಒಬ್ಬಳೇ ಇರುವಾಗ ಸಕ್ಕರೆ ಎಲ್ಲಾದರೂ ಇಳಿದುಬಿಟ್ಟರೆ ಎಂದು ಯೋಚನೆ ಬಂತು. ಮೊದಲ ದಿನಗಳಲ್ಲಿ ಸಂಜೆಯದು ಎರಡು ಗೆರೆ ಕಡಿಮೆ ಹಾಕಿಕೋ ಎಂದು ಬರೆದಿದ್ದೆ. ಇಷ್ಟೆಲ್ಲ ಒಪ್ಪಿಕೊಂಡು ಅರ್ಧ ಗಂಟೆಯೂ ಆಗಿರಲಿಲ್ಲ, ಈ ಕೈ ತಾನಾಗಿಯೇ ಬರೆಯಿತು. ಓದಿ ನೋಡಿದ ಮೇಲೆ ಗೊತ್ತಾಯಿತು. ನನ್ನ ಹೆದರಿಕೆ ಎಲ್ಲಿಗೂ ಹೋಗಿಲ್ಲ, ಹೋಗುವುದೂ ಇಲ್ಲ. ಸಿಹಿ ಮಾತ್ರೆ ಜೇಬಿನಲ್ಲಿಟ್ಟುಕೋ, ಕಂಡಕ್ಟರ್ ಹುಡುಗಿಗೆ ಎಲ್ಲ ಹೇಳಿಕೊಡು, ಗೆರೆಯನ್ನು ಡಾಕ್ಟರನ್ನು ಕೇಳು. ನಾಳೆ ನಾನೇ ಫೋನ್ ಮಾಡಿ ಅತ್ತು ಕರೆದು "ಸ್ವಲ್ಪ ಕಡಿಮೆ ಹಾಕ್ಕೋ ಕಂದ" ಎಂದರೂ ಎಂದೇನು. ಕೇಳಬೇಡ. ಫೋನ್ ಇಟ್ಟು, ಪೂರ್ತಿ ಹಾಕಿಕೋ.